ಚಂಡಿ ಬಟ್ಟೆ, ಹಂಚಿನ ಮನೆ ಮತ್ತು ಒಂದು ಪ್ರೆಸ್‌ನೋಟ್

ಮಂಗಳೂರಿನಲ್ಲಿ ಪಿಆರ್ (ಸಾರ್ವಜನಿಕ ಸಂಪರ್ಕ) ಕೆಲಸ ಮಾಡುತ್ತಾ ಹನ್ನೆರಡು ವರ್ಷವಾಯಿತು. ಹೆಚ್ಚಿನದೆಲ್ಲ ಆಸ್ಪತ್ರೆ, ಕಾಲೇಜು, ಚಿನ್ನದ ಅಂಗಡಿ. 2023ರ ಮೇ ತಿಂಗಳಲ್ಲಿ ಮೊದಲ ಸಲ ಒಂದು ಮೆಷಿನ್ ಕೈಗೆ ಬಂತು. ಕೋಣೆಯ ತೇವ ಹೀರಿ ಬಟ್ಟೆ ಒಣಗಿಸುವ ಮೆಷಿನ್. ಮಾಡಿದ್ದು ಬೆಂಗಳೂರಿನ ಒಂದು ಸಣ್ಣ ಕಂಪನಿ. ಎದುರಿಗೆ ಡ್ರೈಯರ್ ಇರುವ ವಾಷಿಂಗ್ ಮೆಷಿನ್ ಮಾರುವ ದೊಡ್ಡ ದೊಡ್ಡ ಬ್ರ್ಯಾಂಡ್‌ಗಳು, ಅವರ ಪುಟ ತುಂಬ ಜಾಹೀರಾತು. ನಮ್ಮ ಇಡೀ ಬಜೆಟ್ ಮೂರು ಲಕ್ಷ.

ಕಂಪನಿ ಕಳಿಸಿದ ಪ್ರೆಸ್‌ನೋಟಿನಲ್ಲಿ ‘ಗೃಹೋಪಯೋಗಿ ಆರ್ದ್ರತಾ ನಿರ್ವಹಣಾ ವ್ಯವಸ್ಥೆ’ ಅಂತ ಇತ್ತು. ಓದಿದವರಿಗೆ ಏನು ಅರ್ಥವಾಗಬೇಕು? ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಮಕ್ಕಳ ಯೂನಿಫಾರ್ಮ್ ಫ್ಯಾನಿನಡಿ ಎರಡು ದಿನ ನೇತಾಡುತ್ತದೆ. ಮೂರನೇ ದಿನ ಇಸ್ತ್ರಿಪೆಟ್ಟಿಗೆ ಇಟ್ಟರೂ ಕಾಲರಿನಿಂದ ಹಬೆ ಏಳುತ್ತದೆ, ವಾಸನೆ ಹೋಗುವುದಿಲ್ಲ. ಹೀಗೆ ಒದ್ದೆಯಾಗಿರುವುದಕ್ಕೆ ನಾವು ‘ಚಂಡಿ’ ಅನ್ನುತ್ತೇವೆ. ಮೊದಲ ಸಾಲನ್ನೇ ಬದಲಿಸಿದೆ: ‘ಚಂಡಿ ಬಟ್ಟೆಯನ್ನು ಮನೆಯೊಳಗೇ ಒಣಗಿಸುವ ಮೆಷಿನ್.’ ಬೆಂಗಳೂರಿನವರಿಗೆ ಚಂಡಿ ಅಂದರೆ ಹಠ. ಅವರನ್ನು ಒಪ್ಪಿಸಲು ಒಂದು ವಾರ ಬೇಕಾಯಿತು.

ಮುಖಪುಟದ ಜಾಹೀರಾತು ಬೇಡ ಅಂದೆ. ಒಂದೇ ದಿನಕ್ಕೆ ದುಡ್ಡೆಲ್ಲ ಮುಗಿಯುತ್ತಿತ್ತು. ಅದರ ಬದಲು ಆರು ಮೆಷಿನ್‌ಗಳನ್ನು ಹತ್ತು ದಿನದ ಮಟ್ಟಿಗೆ ಕೊಟ್ಟೆವು: ಮಣಿಪಾಲದ ಒಂದು ಹಾಸ್ಟೆಲ್, ಹಂಪನಕಟ್ಟೆಯ ಟೈಲರ್ ಅಂಗಡಿ, ಕದ್ರಿಯ ಮೂರು ಫ್ಲ್ಯಾಟ್, ಕಾಪುವಿನ ಒಂದು ಹಂಚಿನ ಮನೆ.

ಹಾಸ್ಟೆಲ್ಲಿನಿಂದ, ಫ್ಲ್ಯಾಟ್‌ಗಳಿಂದ ಒಳ್ಳೆಯ ಸುದ್ದಿಯೇ ಬಂತು. ಕಾಪುವಿನ ಮನೆಯಲ್ಲಿ ಮಾತ್ರ ಮೆಷಿನ್ ಸೋತಿತು. ರಾತ್ರಿಯಿಡೀ ಓಡಿಸಿದರೂ ಸೀರೆ ಚಂಡಿಯೇ. ನಾನೇ ಹೋಗಿ ನೋಡಿದೆ. ಕಾರಣ ತಲೆಯ ಮೇಲೇ ಇತ್ತು. ಹಂಚಿನ ಸಂದಿಯಿಂದ ಮಳೆಗಾಲದ ಗಾಳಿ ಸುಮ್ನೆ ಒಳಗೆ ಬರುತ್ತಲೇ ಇತ್ತು. ಮೆಷಿನ್ ಎಷ್ಟು ತೇವ ತೆಗೆದರೂ ಅಷ್ಟೇ ತೇವ ಮತ್ತೆ ಸೇರುತ್ತದೆ. ಕೋಣೆ ಮುಚ್ಚಿದ್ದರೆ ಮಾತ್ರ ಇದರ ಆಟ ನಡೆಯುವುದು.

ಕಂಪನಿಯವರು ‘ಅದನ್ನು ಹೇಳುವುದೇ ಬೇಡ’ ಅಂದರು. ನನಗೆ ಸಿಟ್ಟು ಬಂತು. ಈ ಜಿಲ್ಲೆಗಳಲ್ಲಿ ಹಂಚಿನ ಮನೆಗಳು ಎಷ್ಟಿಲ್ಲ! ಆ ಮನೆಯವರು ಸಾವಿರಾರು ರೂಪಾಯಿ ಕೊಟ್ಟು ಮೋಸಹೋದರೆ ನಾಳೆ ಮೀನು ಮಾರ್ಕೆಟಿನಲ್ಲಿ, ಮದುವೆ ಹಾಲಿನಲ್ಲಿ ಅದೇ ಸುದ್ದಿ. ಹಾಗೆ ಹಬ್ಬಿದ ಮಾತನ್ನು ಅಳಿಸುವ ಪಿಆರ್ ಯಾವುದೂ ಇಲ್ಲ. ‘ಹಂಚಿನ ಮನೆಯ ಕೋಣೆಗೆ ಇದು ಆಗುವುದಿಲ್ಲ’ ಎಂಬ ಸಾಲು ನೋಟಿನಲ್ಲಿ ಇಲ್ಲದಿದ್ದರೆ ಕೆಲಸ ಬಿಡುತ್ತೇನೆ ಅಂದೆ. ಒಪ್ಪಿದರು.

ದಿನಾಂಕದ್ದು ನನ್ನದೇ ತಪ್ಪು. ಜುಲೈ ನಡುವಿಗೆ ತುಳುವರ ಆಟಿ ತಿಂಗಳು ಶುರುವಾಗುತ್ತದೆ. ಆಟಿಯಲ್ಲಿ ಹೊಸ ಸಾಮಾನು ಮನೆಗೆ ತರಲು ಹಿಂಜರಿಯುವವರು ಇನ್ನೂ ಇದ್ದಾರೆ. ಅದಕ್ಕೆ ಮೊದಲೇ ಆಗಲಿ ಅಂತ ಜುಲೈ 1ಕ್ಕೆ ಪತ್ರಿಕಾಗೋಷ್ಠಿ ಇಟ್ಟೆ. ಹಿರಿಯ ವರದಿಗಾರರೊಬ್ಬರು ಫೋನ್ ಮಾಡಿ, ‘ಅವತ್ತು ಪತ್ರಿಕಾ ದಿನ ಅಲ್ವಾ?’ ಅಂದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಅದೇ ದಿನ, ಇದೇ ಊರಿನಲ್ಲಿ. ವರದಿಗಾರರೆಲ್ಲ ಅವರದೇ ಕಾರ್ಯಕ್ರಮಗಳಲ್ಲಿ ಇರುತ್ತಾರೆ. ಇದೇ ಊರಿನಲ್ಲಿ ಇದೇ ಕೆಲಸ ಮಾಡುವ ನನಗೆ ಅದು ನೆನಪಿರಬೇಕಿತ್ತು. ಜೂನ್ 27ಕ್ಕೆ ಬದಲಿಸಿದೆ.

ಅವತ್ತು ಭಾಷಣ ಇಡಲಿಲ್ಲ. ಬದಿಯ ಸಣ್ಣ ಕೋಣೆಯಲ್ಲಿ ಬೆಳಿಗ್ಗೆ ಏಳಕ್ಕೆ ಹಗ್ಗ ಕಟ್ಟಿ, ಹಿಂಡಿದ ಎಂಟು ಬೈರಾಸು (ಟವೆಲ್) ಹಾಕಿ ಬಾಗಿಲು ಮುಚ್ಚಿದ್ದೆವು. ಹನ್ನೊಂದಕ್ಕೆ ಬಾಗಿಲು ತೆಗೆದೆ. ಒಬ್ಬ ವರದಿಗಾರ್ತಿ ಬೈರಾಸನ್ನು ಕೆನ್ನೆಗೆ ಒತ್ತಿ ನೋಡಿದರು. ಆಮೇಲೆ ಟ್ಯಾಂಕಿನ ನೀರನ್ನು ಅಳತೆಯ ಜಗ್ಗಿಗೆ ಸುರಿದೆ: ಒಂದು ಲೀಟರ್ ದಾಟಿತ್ತು. ‘ಇಷ್ಟು ನೀರು ಎಲ್ಲಿಂದ?’ ಅಂತ ಕೇಳಿದರು. ತಣ್ಣನೆಯ ಸೋಡಾ ಬಾಟಲಿಯ ಹೊರಗೆ ನೀರು ಕೂರುತ್ತದಲ್ಲ, ಹಾಗೇ. ಒಳಗಿನ ತಣ್ಣನೆಯ ಕೊಳವೆಗೆ ತಾಗಿ ಗಾಳಿಯ ತೇವ ಹನಿಯಾಗಿ ಇಳಿಯುತ್ತದೆ, ಒಣಗಿದ ಗಾಳಿ ಹೊರಗೆ ಬರುತ್ತದೆ. ಕರೆಂಟ್ ಬಿಲ್ ಕೇಳಿದರು. 250 ವ್ಯಾಟ್, ನಾಲ್ಕು ಗಂಟೆಗೆ ಒಂದು ಯೂನಿಟ್. ಹಂಚಿನ ಮನೆಯ ಸಾಲನ್ನು ಯಾರೂ ಕೇಳುವ ಮೊದಲೇ ಓದಿದೆ. ಮರುದಿನ ಎರಡು ಪತ್ರಿಕೆಗಳಲ್ಲಿ ಆ ಸಾಲೂ ಬಂತು, ಜಗ್ಗಿನ ಫೋಟೋವೂ ಬಂತು.

ವರದಿಗಾರರಿಗೆ ಮೆಷಿನ್ ಉಡುಗೊರೆ ಕೊಡಲಿಲ್ಲ. ಪರೀಕ್ಷಿಸಬೇಕು ಅಂದವರಿಗೆ ಹದಿನೈದು ದಿನದಲ್ಲಿ ಹಿಂದಿರುಗಿಸುವಂತೆ ಪತ್ರ ಬರೆದು ಕೊಟ್ಟೆವು. ರೀಲ್ಸ್ ಮಾಡುವ ಒಬ್ಬರು, ದುಡ್ಡು ತೆಗೆದುಕೊಂಡದ್ದನ್ನು ವಿಡಿಯೋದಲ್ಲಿ ಹೇಳುವುದಿಲ್ಲ ಅಂದರು. ಜಾಹೀರಾತುಗಳ ಬಗ್ಗೆ ಕೇಂದ್ರ ಸರ್ಕಾರದ 2022ರ ಮಾರ್ಗಸೂಚಿ ಪ್ರಕಾರ ಅದನ್ನು ಹೇಳಲೇಬೇಕು. ಅವರನ್ನು ಬಿಟ್ಟೆವು.

ಮೆಷಿನ್ ಮಾರುವ ಅಂಗಡಿಗೆ ಬಂದ ಫೋನ್‌ಗಳಲ್ಲಿ ಬಹಳಷ್ಟು ಶುರುವಾಗುತ್ತಿದ್ದದ್ದು ‘ನಮ್ಮದು ಹಂಚಿನ ಮನೆ’ ಅಂತಲೇ. ಹಂಚಿನಡಿ ಮರದ ಮುಚ್ಚಿಗೆ (ಸೀಲಿಂಗ್) ಇರುವ ಕೋಣೆಗೆ ಆಗಬಹುದಾ ಅಂತ ಉಡುಪಿಯ ಒಬ್ಬ ಅಜ್ಜಿ ಕೇಳಿದರು. ನಮಗೆ ಅದು ಹೊಳೆದೇ ಇರಲಿಲ್ಲ. ಮೆಷಿನ್ ಹೊತ್ತುಕೊಂಡು ಅವರ ಮನೆಗೇ ಹೋದೆವು. ಬಾಗಿಲಿನ ಸಂದಿಗೆ ಹಳೇ ಸೀರೆ ತುರುಕಿ ಓಡಿಸಿದೆವು. ಸಂಜೆಯೊಳಗೆ ಬಟ್ಟೆ ಒಣಗಿತು. ನೋಟಿಗೆ ಆ ಸಾಲನ್ನೂ ಸೇರಿಸಿದೆ.