ಎಂಸಿ ಕಾರ್ಟ್ರಿಜ್‌ಗೆ ಎಷ್ಟು ಓಮ್ ಲೋಡ್ ಇಡಬೇಕು? ನನ್ನ ಅನುಭವ

ಮೂವಿಂಗ್ ಕಾಯಿಲ್ (ಎಂಸಿ) ಕಾರ್ಟ್ರಿಜ್, ಅಂದರೆ ರೆಕಾರ್ಡ್‌ನ ಗೀರನ್ನು ಮುಳ್ಳಿನಿಂದ ಓದಿ, ಪುಟ್ಟ ತಂತಿಸುರುಳಿ ಅಲುಗಿಸಿ ಸಿಗ್ನಲ್ ಹುಟ್ಟಿಸುವ ಭಾಗ, ಕೊಂಡವರೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ಲೋಡ್ ಅಂದರೆ ಕಾರ್ಟ್ರಿಜ್‌ಗೆ ಎದುರಾಗುವ ಇನ್‌ಪುಟ್‌ನ ರೆಸಿಸ್ಟೆನ್ಸ್. ಸಿಗುವ ಉತ್ತರವೂ ಹೆಚ್ಚುಕಮ್ಮಿ ಒಂದೇ: ಕಾಯಿಲ್‌ನ ರೆಸಿಸ್ಟೆನ್ಸ್‌ಗೆ ಹತ್ತು ಪಟ್ಟು ಇಡಿ, ಆಮೇಲೆ ಕಿವಿಗೆ ಹಿತವಾಗುವಷ್ಟು ಬದಲಾಯಿಸಿಕೊಳ್ಳಿ. ಈ ಮಾತಲ್ಲಿ ತಪ್ಪೇನಿಲ್ಲ. ಆದರೆ ಲೋಡ್ ಬದಲಾಯಿಸಿದಾಗ ನಿಜವಾಗಿ ಏನು ಬದಲಾಗುತ್ತದೆ ಅಂತ ತಿಳಿದುಕೊಂಡು ಕೇಳಿದರೆ ಕೇಳುವ ರೀತಿಯೇ ಬೇರೆಯಾಗುತ್ತದೆ.

ನಾನು ಬಳಸುವುದು ಡೆನಾನ್ ಡಿಎಲ್-103. 1960ರ ದಶಕದ ಶುರುವಿನಲ್ಲಿ ಜಪಾನಿನ ಎನ್‌ಎಚ್‌ಕೆ ಪ್ರಸಾರಕ್ಕಾಗಿ ರೂಪಿಸಿದ ಕಾರ್ಟ್ರಿಜ್ ಅದು. ಕಾಯಿಲ್ 40 ಓಮ್, ಔಟ್‌ಪುಟ್ ಬರೀ 0.3 ಮಿಲಿವೋಲ್ಟ್, ಮುಳ್ಳಿನ ಭಾರ 2.5 ಗ್ರಾಂ. ಲೋಡ್ 100 ಓಮ್ ಅಥವಾ ಅದಕ್ಕಿಂತ ಜಾಸ್ತಿ ಇರಲಿ ಅನ್ನುತ್ತದೆ ಕಂಪನಿ. ಜಾಸ್ತಿ ಅಂದರೆ ಎಷ್ಟು ಅನ್ನೋದೇ ನಮ್ಮ ಪಾಲಿನ ಕೆಲಸ.

ಕಾರ್ಟ್ರಿಜ್‌ನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ನನ್ನ ಫೋನೋ ಸ್ಟೇಜ್‌ನ ಇನ್‌ಪುಟ್ 47 ಕಿಲೋಓಮ್. ಅದಕ್ಕೆ ಸಮಾನಾಂತರವಾಗಿ 100 ಓಮ್ ರೆಸಿಸ್ಟರ್ ಸೇರಿಸಿದರೆ ಸಿಗುವುದು 99.8, ಅಂದರೆ ನೂರೇ ಅನ್ನಿ. ನಿಮ್ಮದು 1000 ಓಮ್ ಇನ್‌ಪುಟ್ ಆಗಿದ್ದರೆ ಲೆಕ್ಕ ಬೇರೆ, ನೂರು ಬೇಕೆಂದರೆ 111 ಓಮ್ ಹತ್ತಿರದ್ದನ್ನು ಹಾಕಬೇಕು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕಾಲು ವ್ಯಾಟ್, ಒಂದು ಪರ್ಸೆಂಟ್ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳು ಪುಡಿಗಾಸಿಗೆ ಸಿಗುತ್ತವೆ. ನಾನು 40, 100, 220, 470, 1000 ಓಮ್‌ಗೆ ಜೋಡಿ ಜೋಡಿಯಾಗಿ ತಂದು (40ರ ಹತ್ತಿರ ಬರಲು ಎರಡು 82 ಓಮ್ ಸಮಾನಾಂತರ), ಮೀಟರ್‌ನಲ್ಲಿ ಅಳೆದು, ಎಡ ಬಲ ಎರಡಕ್ಕೂ ಸರಿಹೊಂದುವುದನ್ನು ಆರಿಸಿ, ಆರ್‌ಸಿಎ ಪ್ಲಗ್‌ಗಳ ಒಳಗೆ ಬೆಸುಗೆ ಹಾಕಿಕೊಂಡೆ. ಪ್ಲಗ್‌ನ ನಡುವಿನ ಕಡ್ಡಿಗೆ ಒಂದು ಕಾಲು, ಹೊರಗಿನ ತಗಡಿಗೆ ಇನ್ನೊಂದು ಕಾಲು, ಅಷ್ಟೇ. 100 ಓಮ್‌ನ ಪಟ್ಟೆಗಳು ಕಂದು, ಕಪ್ಪು, ಕಪ್ಪು, ಕಪ್ಪು, ಕಂದು. ಯಾವ ಕಡೆಯಿಂದ ಓದಿದರೂ ಅದೇ, ಹಾಗಾಗಿ ಗೊಂದಲವಿಲ್ಲ. ಒಂದು ವೈ ಅಡಾಪ್ಟರ್‌ನ ಒಂದು ಕವಲಿಗೆ ಟರ್ನ್‌ಟೇಬಲ್ ಕೇಬಲ್, ಇನ್ನೊಂದಕ್ಕೆ ಈ ಪ್ಲಗ್. ಮೀಟರನ್ನು ರೆಸಿಸ್ಟರ್ ಮೇಲೆ ಮಾತ್ರ ಇಡಿ, ಕಾರ್ಟ್ರಿಜ್ ಮೇಲೆ ಬೇಡ. ಕೂದಲಿಗಿಂತ ತೆಳುವಾದ ಆ ತಂತಿಗೆ ಮೀಟರ್‌ನ ಕರೆಂಟ್ ತುಂಬಾ ಜಾಸ್ತಿ.

ಈಗ ಮುಖ್ಯ ವಿಷಯ. ಕಾಯಿಲ್ 40, ಲೋಡ್ 100 ಅಂದಾಗ ಹುಟ್ಟಿದ ವೋಲ್ಟೇಜ್‌ನಲ್ಲಿ 140ಕ್ಕೆ 100 ಪಾಲು ಮಾತ್ರ ಫೋನೋ ಸ್ಟೇಜ್‌ಗೆ ತಲುಪುತ್ತದೆ. ಸುಮಾರು 3 ಡೆಸಿಬೆಲ್ ಕಡಿಮೆ. 470ಕ್ಕೆ ಇದು 0.7 ಡೆಸಿಬೆಲ್. 40 ಓಮ್ ಇಟ್ಟರೆ ಸರಿಯಾಗಿ ಅರ್ಧ, 6 ಡೆಸಿಬೆಲ್ ಹೋಯಿತು. ಅಂದರೆ ನೀವು ಲೋಡ್ ಬದಲಾಯಿಸಿದ ಕೂಡಲೇ ಮೊದಲು ಬದಲಾಗುವುದು ಸದ್ದಿನ ಮಟ್ಟ. ಜೋರಾಗಿದ್ದದ್ದು ನಮ್ಮ ಕಿವಿಗೆ ಯಾವಾಗಲೂ ಚುರುಕಾಗಿ, ಬಿಚ್ಚಿಕೊಂಡಂತೆ ಕೇಳುತ್ತದೆ. ಮೆತ್ತಗಿದ್ದದ್ದು ಸಪ್ಪೆ. "100 ಓಮ್‌ನಲ್ಲಿ ಜೀವ ಇಲ್ಲ" ಅನ್ನುವ ಮಾತಿನ ದೊಡ್ಡ ಭಾಗ ಈ 3 ಡೆಸಿಬೆಲ್ಲೇ ಅಂತ ನನಗೆ ಖಾತ್ರಿಯಾಗಿದೆ. ಅದಕ್ಕೇ ಟೆಸ್ಟ್ ರೆಕಾರ್ಡ್‌ನ 1 ಕಿಲೋಹರ್ಟ್ಸ್ ಸ್ವರ ಹಾಕಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಏಸಿ ವೋಲ್ಟ್ ನೋಡಿಕೊಂಡು, ಪ್ರತಿ ಲೋಡ್‌ಗೂ ವಾಲ್ಯೂಮ್ ಗುಂಡಿ ಎಲ್ಲಿರಬೇಕೆಂದು ಸಣ್ಣ ಟೇಪ್ ಅಂಟಿಸಿ ಗುರುತು ಮಾಡಿದೆ. ಇದೊಂದನ್ನು ದಯವಿಟ್ಟು ಬಿಡಬೇಡಿ.

ಹೀಗೆ ಸಮ ಮಾಡಿಕೊಂಡ ಮೇಲೆ ಭೀಮಸೇನ ಜೋಶಿಯವರ ಎಲ್‌ಪಿ ಹಾಕಿ, ಅವರು ಬಾಯಿ ತೆರೆಯುವ ಮುಂಚಿನ ತಂಬೂರಿಯನ್ನು ಕೇಳಿದೆ. ತಂತಿ ಮೀಟಿದ ಮೇಲೆ ಮೇಲಕ್ಕೆ ಅರಳುತ್ತಾ ಹೋಗುವ ಆ ಝೇಂಕಾರ ಪರೀಕ್ಷೆಗೆ ತುಂಬಾ ಒಳ್ಳೆಯದು. 100 ಮತ್ತು 470ರ ನಡುವೆ ಕೂದಲೆಳೆಯ ವ್ಯತ್ಯಾಸ. 1000ಕ್ಕೂ ಹಾಗೇ. ಆದರೆ ಪ್ಲಗ್ ತೆಗೆದು ಪೂರ್ತಿ 47 ಕಿಲೋಓಮ್‌ಗೆ ಬಿಟ್ಟಾಗ ಝೇಂಕಾರದ ಅಂಚು ಒರಟಾಯಿತು, ಹಾಡಿನ ಸ, ಶ ಅಕ್ಷರಗಳು ಸೀಳಿದಂತೆ ಕೇಳಿದವು. ಅದೇ ಕಾರ್ಟ್ರಿಜನ್ನು ಗೆಳೆಯರ ವಾಲ್ವ್ ಫೋನೋ ಸ್ಟೇಜ್‌ಗೆ ಜೋಡಿಸಿದರೆ 47 ಕಿಲೋಓಮ್‌ನಲ್ಲೂ ಯಾವ ತೊಂದರೆಯೂ ಇಲ್ಲ!

ಯಾಕೆ ಹೀಗೆ? ಕಾಯಿಲ್‌ನ ಇಂಡಕ್ಟೆನ್ಸ್ ಮತ್ತು ಕೇಬಲ್‌ನ ಕೆಪಾಸಿಟೆನ್ಸ್ ಸೇರಿ ಒಂದು ಅನುರಣನ (ರೆಸೊನೆನ್ಸ್, ಒಂದು ಆವರ್ತನದಲ್ಲಿ ಸಿಗ್ನಲ್ ಉಬ್ಬುವುದು) ಹುಟ್ಟುತ್ತದೆ. ಎಂಎಂ (ಮೂವಿಂಗ್ ಮ್ಯಾಗ್ನೆಟ್, ಕಾಯಿಲ್ ಬದಲು ಅಯಸ್ಕಾಂತ ಅಲುಗುವ) ಕಾರ್ಟ್ರಿಜ್‌ಗೆ 500 ಮಿಲಿಹೆನ್ರಿ, 200 ಪಿಕೋಫ್ಯಾರಡ್ ಅಂದುಕೊಂಡು ಲೆಕ್ಕ ಹಾಕಿ, ಸುಮಾರು 16 ಕಿಲೋಹರ್ಟ್ಸ್ ಬರುತ್ತದೆ. ಕಿವಿಗೆ ನೇರವಾಗಿ ಕೇಳುವ ಜಾಗ ಅದು, ಹಾಗಾಗಿ ಅಲ್ಲಿ ಲೋಡ್ ನಿಜಕ್ಕೂ ಟೋನ್ ಬದಲಾಯಿಸುತ್ತದೆ. ಎಂಸಿ ಕಾಯಿಲ್ 50 ಮೈಕ್ರೋಹೆನ್ರಿ ಅಂದುಕೊಂಡರೆ, ಅದೇ ಕೇಬಲ್‌ಗೆ ಅನುರಣನ 1.6 ಮೆಗಾಹರ್ಟ್ಸ್! ಆಕಾಶವಾಣಿಯ ಮೀಡಿಯಂ ವೇವ್ ಪಟ್ಟಿಯ ತುದಿ ಅದು. ನಮಗೆ ಕೇಳಲ್ಲ, ಆದರೆ ಫೋನೋ ಸ್ಟೇಜ್‌ನ ಮೊದಲ ಟ್ರಾನ್ಸಿಸ್ಟರ್‌ಗೆ "ಕೇಳುತ್ತದೆ". ಧೂಳಿನ ಒಂದು ಟಿಕ್ ಸಾಕು ಆ ಅನುರಣನ ಎಬ್ಬಿಸಲು. ಎತ್ತರದ ಆವರ್ತನ ತಡೆದುಕೊಳ್ಳದ ಸರ್ಕ್ಯೂಟ್ ಆಗ ಎಡವುತ್ತದೆ, ಆ ಎಡವಿದ ಸದ್ದು ನಮಗೆ ಕೇಳುತ್ತದೆ. ಕೆಲವು ನೂರು ಓಮ್‌ನ ರೆಸಿಸ್ಟರ್ ಈ ಅನುರಣನವನ್ನು ಅದುಮಿ ಹಿಡಿಯುತ್ತದೆ. ಹಾಗಾಗಿ ಲೋಡ್ ಬೇಕಿರುವುದು ಕಾರ್ಟ್ರಿಜ್‌ಗಿಂತ ಹೆಚ್ಚಾಗಿ ಫೋನೋ ಸ್ಟೇಜ್‌ಗೆ ಅನ್ನೋದು ನನ್ನ ಅಭಿಪ್ರಾಯ.

ತೀರಾ ಕೆಳಗಿಳಿಸುವುದೂ ನನಗೆ ಇಷ್ಟವಾಗಲಿಲ್ಲ. 40 ಓಮ್‌ನಲ್ಲಿ ವಾಲ್ಯೂಮ್ ಏರಿಸಿದಾಗ ಹಿಂದಿನ ಸುಯ್ ಸದ್ದೂ ಏರಿತು. ಜೊತೆಗೆ ಲೋಡ್ ಕಡಿಮೆಯಾದಷ್ಟೂ ಕಾಯಿಲ್‌ನಲ್ಲಿ ಕರೆಂಟ್ ಹೆಚ್ಚು, ಅದು ಕಾಯಿಲ್‌ನ ಚಲನೆಗೆ ಸಣ್ಣದಾಗಿ ಬ್ರೇಕ್ ಹಾಕುತ್ತದೆ.

ಕಾರ್ಟ್ರಿಜ್ ಮತ್ತು ಫೋನೋ ಸ್ಟೇಜ್ ನಡುವೆ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಇರುವವರಿಗೆ: 47 ಕಿಲೋಓಮನ್ನು ಸುತ್ತಿನ ಅನುಪಾತದ ವರ್ಗದಿಂದ ಭಾಗಿಸಿ. 1:10 ಆದರೆ ಕಾರ್ಟ್ರಿಜ್‌ಗೆ ಕಾಣುವ ಲೋಡ್ 470, 1:20 ಆದರೆ ಸುಮಾರು 118. ಅಲ್ಲಿ ಬೇರೆ ಪ್ಲಗ್ ಬೇಕಾಗಲ್ಲ.

ನನ್ನ ಟ್ರಾನ್ಸಿಸ್ಟರ್ ಸ್ಟೇಜ್‌ನಲ್ಲಿ ಈಗ 470 ಓಮ್ ಕೂತಿದೆ. ಮಟ್ಟ ಹೆಚ್ಚು ಬೀಳಲ್ಲ, ಸ ಶ ಸೀಳಲ್ಲ. ಪ್ಲಗ್ ಬದಲಾಯಿಸುವಾಗ ಮಾತ್ರ ವಾಲ್ಯೂಮನ್ನು ಸೊನ್ನೆಗಿಳಿಸಿ, ಆಂಪ್ಲಿಫೈಯರ್ ಆಫ್ ಮಾಡಿ. 60 ಡೆಸಿಬೆಲ್ ಗೇನ್ ಇರುವ ಇನ್‌ಪುಟನ್ನು ಆನ್ ಇರುವಾಗಲೇ ಕಿತ್ತರೆ ಬರುವ ಧಡ್ ಸದ್ದಿಗೆ ಟ್ವೀಟರ್ ಸುಟ್ಟುಹೋಗಬಹುದು.