ಟೋಪಿ, ಶೂ ಮತ್ತು ನನ್ನ ಮೊದಲ ಕನ್ಸರ್ಟ್ ಸಿನಿಮಾ

"ನನ್ನ ಮುಖ ಜಾಸ್ತಿ ತೋರಿಸಬೇಡಿ. ಬೇಕಾದರೆ ಶೂ ತೋರಿಸಿ" ಅಂದರು ಗಾಯಕರು, ಮೊದಲ ಭೇಟಿಯಲ್ಲೇ. ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ.

ತಾವೇ ಬರೆದು ತಾವೇ ಹಾಡುವವರು. ಆದರೆ ವೇದಿಕೆ ಹತ್ತಿದರೆ ಬೇರೆಯೇ ಮನುಷ್ಯ. ಒಂದು ಹಾಡಿಗೆ ಕುಡುಕ, ಇನ್ನೊಂದಕ್ಕೆ ಹರಾಜು ಕೂಗುವವನು. ಒಂದು ಹಾಡನ್ನಂತೂ ಪೂರ್ತಿ ಮೆಗಾಫೋನ್‌ನಲ್ಲೇ ಹಾಡುತ್ತಾರೆ. ಎರಡು ರಾತ್ರಿ ಕಾರ್ಯಕ್ರಮ, ಐದು ಕ್ಯಾಮೆರಾ. ನಿರ್ದೇಶನ, ಎಡಿಟಿಂಗ್ ಎರಡೂ ನನ್ನ ತಲೆ ಮೇಲೆ.

ತಯಾರಿಗೆ ಅಂತ ಗಾಯಕ ಟಾಮ್ ವೇಟ್ಸ್ ಅವರ 1988ರ ಕನ್ಸರ್ಟ್ ಸಿನಿಮಾ 'ಬಿಗ್ ಟೈಮ್' ಮತ್ತೆ ನೋಡಿದೆ. ಅದರಲ್ಲಿ ವೇಟ್ಸ್ ಹಾಡುವುದಷ್ಟೇ ಅಲ್ಲ, ಥಿಯೇಟರಿನ ಕೆಲಸದವನಾಗಿಯೂ ಬರುತ್ತಾರೆ. ಆಮೇಲೆ ಟಾಕಿಂಗ್ ಹೆಡ್ಸ್ ಬ್ಯಾಂಡ್ ಬಗ್ಗೆ ನಿರ್ದೇಶಕ ಜೊನಾಥನ್ ಡೆಮ್ಮಿ ಮಾಡಿದ 1984ರ 'ಸ್ಟಾಪ್ ಮೇಕಿಂಗ್ ಸೆನ್ಸ್'. ಅದರಲ್ಲಿ ಪ್ರೇಕ್ಷಕರ ಮುಖ ಸರಿಯಾಗಿ ಕಾಣುವುದೇ ಕೊನೆಯಲ್ಲಿ. ಪ್ರೇಕ್ಷಕರನ್ನು ತೋರಿಸಬೇಕೋ ಬೇಡವೋ ಅನ್ನುವ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಕುಡುಕನ ಪಾತ್ರ ನಡೆಯುವಾಗ ಮೊಬೈಲ್ ಎತ್ತಿ ಹಿಡಿದ ಜನರನ್ನು ತೋರಿಸಿದರೆ ಅಲ್ಲಿಗೆ ನಾಟಕ ಮುಗಿಯಿತು, ಅಲ್ವಾ? ಜನರ ಕಡೆ ಇಟ್ಟಿದ್ದ ಕ್ಯಾಮೆರಾವನ್ನು ತೆಗೆದು ವೇದಿಕೆಯ ಪಕ್ಕದ ಪರದೆಯ ಹಿಂದೆ ಇಟ್ಟೆ.

ಬೆಳಕಿಗೆ ಮುಖ್ಯವಾಗಿ ಒಂದು ನೇತಾಡುವ ಬಲ್ಬು. ಮುಖ ಸರಿಯಾಗಿ ಕಾಣುವಷ್ಟಕ್ಕೆ ಕ್ಯಾಮೆರಾದ ಎಕ್ಸ್‌ಪೋಶರ್ ಇಟ್ಟು ಉಳಿದದ್ದನ್ನು ಕತ್ತಲೆಗೆ ಬಿಟ್ಟೆವು. ಎಲ್‌ಇಡಿ ದೀಪಗಳು ಕ್ಯಾಮೆರಾದಲ್ಲಿ ಪಟ್ಟೆ ಪಟ್ಟೆಯಾಗಿ ಮಿನುಗುತ್ತಿದ್ದವು. ಸೌಂಡ್ ಚೆಕ್ ಹೊತ್ತಿಗೇ ನೋಡಿದ್ದರಿಂದ ಬಚಾವ್, ಕ್ಯಾಮೆರಾದ ಶಟರ್ ವೇಗ ಬದಲಿಸಿ ಸರಿ ಮಾಡಿದೆವು.

ಧ್ವನಿಯಲ್ಲಿ ಮಾತ್ರ ಎಡವಿದೆ. ಚಪ್ಪಾಳೆಗೆಂದು ವೇದಿಕೆಯಿಂದ ಸುಮಾರು 17 ಮೀಟರ್ ದೂರದಲ್ಲಿ ಎರಡು ಮೈಕ್ ಇಟ್ಟಿದ್ದೆ. ಗಾಯಕರ ಧ್ವನಿ ಅಲ್ಲಿಗೆ ತಲುಪಲು 50 ಮಿಲಿಸೆಕೆಂಡ್ ಬೇಕು. ಆ ತಡವನ್ನು ಸರಿಪಡಿಸದೆ ಗಾಯಕರ ಮೈಕಿನ ಧ್ವನಿಯ ಜೊತೆ ಹಾಗೇ ಬೆರೆಸಿದೆ. ಪ್ರತಿ ಸಾಲಿಗೂ ಬಾವಿಯೊಳಗಿಂದ ಯಾರೋ ಓಗೊಟ್ಟ ಹಾಗೆ ಕೇಳಿತು. ಆ ಎರಡು ಟ್ರ್ಯಾಕನ್ನು ಅಷ್ಟು ಬೇಗ ಕೇಳುವಂತೆ ಸರಿಸಿದ ಮೇಲೆ ಬಾವಿ ಮಾಯ.

ನಿಜವಾದ ತಲೆನೋವು ಎಡಿಟಿಂಗ್ ಟೇಬಲ್ಲಿನಲ್ಲಿ. ಇವರು ಕ್ಲಿಕ್, ಅಂದರೆ ವೇಗ ಒಂದೇ ಸಮ ಇರಲೆಂದು ಕಿವಿಗೆ ಕೇಳಿಸುವ ಟಿಕ್ ಟಿಕ್ ತಾಳ, ಹಾಕಿಕೊಂಡು ಹಾಡುವವರಲ್ಲ. ಒಂದೇ ಹಾಡು ಒಂದು ರಾತ್ರಿ ನಿಧಾನ, ಮರುರಾತ್ರಿ ಓಟ. ಎರಡನ್ನೂ ಬೆರೆಸುವ ಹಾಗಿಲ್ಲ. ಹಾಡಿಗೊಂದು ರಾತ್ರಿ ಅಂತ ಆರಿಸಿಕೊಂಡೆ. ಒಂದು ಹಾಡು ಮಾತ್ರ ಹಟ ಹಿಡಿಯಿತು. ಮೊದಲ ರಾತ್ರಿ ಶುರು ಅದ್ಭುತ, ಕೊನೆಗೆ ಗಿಟಾರ್ ತಂತಿ ಹರಿಯಿತು. ಎರಡನೇ ರಾತ್ರಿ ಶುರು ಸಪ್ಪೆ, ಕೊನೆ ಮೈ ಜುಮ್ಮೆನ್ನುವಂತಿತ್ತು. ಮಧ್ಯೆ ಅವರು ಹಾಡು ನಿಲ್ಲಿಸಿ ಸುಮ್ನೆ ನಿಲ್ಲುತ್ತಾರೆ. ಧ್ವನಿಯನ್ನು ಅಲ್ಲಿ ಸೇರಿಸಬಹುದಿತ್ತು. ಆದರೆ ಮೊದಲ ರಾತ್ರಿ ತಲೆ ಮೇಲೆ ಟೋಪಿ, ಎರಡನೇ ರಾತ್ರಿ ಇಲ್ಲ!

ಮರುದಿನ ಖಾಲಿ ಕುರ್ಚಿಗಳ ಮುಂದೆ ಅವರನ್ನು ನಿಲ್ಲಿಸಿ, ರೆಕಾರ್ಡಿಂಗ್ ಹಾಕಿ ಕೆಲವು ಶಾಟ್ ತೆಗೆದಿದ್ದೆವು. ತುಟಿ ಒಂದಕ್ಕೂ ಹೊಂದಲಿಲ್ಲ. ಅದಕ್ಕೇ ಕೈ, ಬೆನ್ನು, ಕೊನೆಗೆ ಶೂ ತೆಗೆದೆವು. ಧೂಳು ಹಿಡಿದ ಶೂ, ತುದಿ ಮಾತ್ರ ನೆಲಕ್ಕೆ ಮೆಲ್ಲಗೆ ಬಡಿಯುತ್ತದೆ. ಒಂಬತ್ತು ಸೆಕೆಂಡ್. ಟೋಪಿಯಿಂದ ಶೂಗೆ, ಶೂನಿಂದ ಬರಿದಲೆಗೆ. ಆ ಮೌನ ಇಡೀ ಸಿನಿಮಾದಲ್ಲಿ ನನಗೆ ಇಷ್ಟವಾದ ಜಾಗ.

ಮೊದಲ ಕಟ್ ತೋರಿಸಿದಾಗ ಗಾಯಕರು ಆ ಜಾಗಕ್ಕೆ ಬಂದು ತಡೆದರು. ಟೋಪಿ ಮಾಯವಾದದ್ದು ಗೊತ್ತಾಯಿತು ಅಂತ ಎದೆ ಧಸಕ್ಕೆಂದಿತು.

"ಶೂ ಇನ್ನೂ ಸ್ವಲ್ಪ ಹೊತ್ತು ಇರಲಿ" ಅಂದರು.