ಹೊಸ ಯೋಚನೆಯನ್ನು ತೂಗುವ ಮುನ್ನ ನಿಮ್ಮ ಹೊಸತನದ ತುಡಿತವನ್ನು ಅರಿಯಿರಿ

ವಿಜ್ಞಾನ ಪ್ರದರ್ಶನದ ತೀರ್ಪುಗಾರರಿರಲಿ, ಕಚೇರಿಯಲ್ಲಿ ಸಹೋದ್ಯೋಗಿಗಳ ಪ್ರಸ್ತಾವಗಳನ್ನು ಪರಿಶೀಲಿಸುವವರಿರಲಿ, ಒಂದು ಯೋಚನೆ ಸೃಜನಶೀಲವೇ ಅಲ್ಲವೇ ಎಂದು ನಿರ್ಧರಿಸುವಾಗ ತಮ್ಮ ಸ್ವಭಾವವೂ ಆ ತೀರ್ಪಿನೊಳಗೆ ಸೇರಿಕೊಳ್ಳುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ. ಅದನ್ನು ಗುರುತಿಸಿ ಬದಿಗಿಡುವುದನ್ನು ಅಭ್ಯಾಸದಿಂದ ಕಲಿಯಬಹುದು.

ಮೊದಲು ನಿಮ್ಮನ್ನು ನೀವೇ ಗಮನಿಸಿಕೊಳ್ಳಿ. ಅಮೆರಿಕದ ಮನೋವೈದ್ಯ ರಾಬರ್ಟ್ ಕ್ಲೋನಿಂಜರ್ 1987ರಲ್ಲಿ ಮಂಡಿಸಿದ ವ್ಯಕ್ತಿತ್ವ ಮಾದರಿಯಲ್ಲಿ ಹೊಸತನದ ತುಡಿತವು ಮೂಲ ಗುಣಗಳಲ್ಲೊಂದು. ಅದನ್ನು ಅವರು ಮಿದುಳಿನ ಡೋಪಮೈನ್ ವ್ಯವಸ್ಥೆಯೊಂದಿಗೆ ಜೋಡಿಸಿದರು; ಡೋಪಮೈನ್ ಎಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ಒಂದು ರಾಸಾಯನಿಕ. ಈ ತುಡಿತ ಹೆಚ್ಚಿರುವವರ ಮಧ್ಯಮಿದುಳಿನಲ್ಲಿ, ಡೋಪಮೈನ್ ಸ್ರವಿಕೆಗೆ ಕಡಿವಾಣ ಹಾಕುವ ಗ್ರಾಹಕಗಳ (ಆ ರಾಸಾಯನಿಕವನ್ನು ಹಿಡಿದುಕೊಳ್ಳುವ ಕೋಶಭಾಗಗಳ) ಲಭ್ಯತೆ ಕಡಿಮೆಯಿರುತ್ತದೆ ಎಂದು, ಮಿದುಳಿನೊಳಗಿನ ಚಟುವಟಿಕೆಯನ್ನು ಚಿತ್ರಿಸುವ ಪೆಟ್ ಸ್ಕ್ಯಾನ್ ಬಳಸಿದ 2008ರ ಅಧ್ಯಯನವೊಂದು ತೋರಿಸಿತು. ಇದು ಗುಂಪಿನಲ್ಲಿ ಕಂಡ ಸಂಬಂಧವೇ ಹೊರತು ಒಬ್ಬೊಬ್ಬರ ಹಣೆಬರಹವಲ್ಲ. ಹೋಟೆಲಿನಲ್ಲಿ ಹೆಸರೇ ಕೇಳದ ತಿನಿಸನ್ನು ತರಿಸುತ್ತೀರಾ, ಹೊಸ ಕೆಲಸ ಕಣ್ಣಿಗೆ ಬಿದ್ದೊಡನೆ ಹಳೆಯದನ್ನು ಅರ್ಧಕ್ಕೆ ಬಿಡುತ್ತೀರಾ ಎಂದು ಕೇಳಿಕೊಂಡರೆ ನೀವು ಯಾವ ಕಡೆ ವಾಲುತ್ತೀರಿ ಎಂಬ ಅಂದಾಜು ಸಿಗುತ್ತದೆ.

ಆಮೇಲೆ ಒಂದು ಅಭ್ಯಾಸ ಮಾಡಿ. ಮನಶ್ಶಾಸ್ತ್ರಜ್ಞ ಗಿಲ್ಫರ್ಡ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಪರೀಕ್ಷೆಯೊಂದರಲ್ಲಿ ಇಟ್ಟಿಗೆಯಂಥ ಸಾಮಾನ್ಯ ವಸ್ತುವಿನ ಬಗೆಬಗೆಯ ಉಪಯೋಗಗಳನ್ನು ಹೇಳಬೇಕು. ಬಂದ ಉತ್ತರಗಳನ್ನು ಬರೆದು, ಪ್ರತಿಯೊಂದಕ್ಕೂ ಎರಡು ಅಂಕಗಳನ್ನು ಬೇರೆ ಬೇರೆ ದಿನ ಕೊಡಿ: ಮೊದಲ ದಿನ ಅದು ಎಷ್ಟು ಹೊಸದು ಎಂಬುದಕ್ಕೆ, ಮರುದಿನ ಎಷ್ಟು ಉಪಯುಕ್ತ ಎಂಬುದಕ್ಕೆ. ಇಟ್ಟಿಗೆಯನ್ನು ಕಾಯಿಸಿ ಬಟ್ಟೆಯಲ್ಲಿ ಸುತ್ತಿ ಹಿಮ್ಮಡಿಗೆ ಶಾಖ ಕೊಡುವುದು, ಅದರ ಪುಡಿಯಿಂದ ಹಿತ್ತಾಳೆ ಪಾತ್ರೆ ಉಜ್ಜುವುದು ಹಳ್ಳಿಯ ಅಜ್ಜಿಗೆ ದಿನನಿತ್ಯದ ಮಾತು. ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮೊಮ್ಮಗಳಿಗೆ ಅದೇ ಬೆರಗು. ಹೊಸತನದ ಅಂಕವು ಯೋಚನೆಯ ಜೊತೆಗೆ ನೋಡುವವರ ಅನುಭವವನ್ನೂ ಅಳೆಯುತ್ತದೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಮೊದಲ ಪ್ರತಿಕ್ರಿಯೆಯನ್ನು ತೀರ್ಪೆಂದು ತಿಳಿಯಬೇಡಿ. ವಾಕ್ಯಕ್ಕೆ ಹೊಂದದ ಪದ ಎದುರಾದಾಗ ಸುಮಾರು 400 ಮಿಲಿಸೆಕೆಂಡಿನಲ್ಲಿ ಮಿದುಳಿನ ವಿದ್ಯುತ್ ಚಟುವಟಿಕೆಯಲ್ಲಿ ವಿಶಿಷ್ಟವಾದ ಅಲೆಯೊಂದು ಏಳುತ್ತದೆಂದು 1980ರಲ್ಲಿ ವರದಿಯಾಯಿತು. ವಸ್ತುವಿನ ಅಸಾಮಾನ್ಯ ಉಪಯೋಗವನ್ನು ಓದುವಾಗಲೂ ಈ ಅಲೆ ಹೆಚ್ಚಾಗುವುದು ಕಂಡುಬಂದಿದೆ. ಆ ಕ್ಷಣದ ತಡವರಿಕೆ ‘ಇದು ನಿರೀಕ್ಷಿಸಿದ್ದಲ್ಲ’ ಎಂದಷ್ಟೇ ತಿಳಿಸುತ್ತದೆ. ಅದಕ್ಕೆ ಮರುಳಾಗುವವರೂ ಅದರಿಂದ ಮುಖ ತಿರುಗಿಸುವವರೂ ಯೋಚನೆಯನ್ನು ಇನ್ನೂ ಪರಿಶೀಲಿಸಿರುವುದಿಲ್ಲ.

ಹೊಸತನ ಇಷ್ಟವೆಂದು ಬಾಯಲ್ಲಿ ಹೇಳುವುದನ್ನೂ ಪೂರ್ತಿ ನಂಬುವಂತಿಲ್ಲ. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅನಿಶ್ಚಿತತೆಯನ್ನು ಸಹಿಸದ ಮನಸ್ಥಿತಿಗೆ ತರಲಾಗಿದ್ದ ಜನರು, ಪಾದವನ್ನು ತಂಪಾಗಿಟ್ಟು ಗುಳ್ಳೆಗಳನ್ನು ತಗ್ಗಿಸಲು ಬಟ್ಟೆಯ ದಪ್ಪವನ್ನು ತಾನೇ ಹೊಂದಿಸಿಕೊಳ್ಳುವ ಓಟದ ಶೂವಿನ ಕಲ್ಪನೆಯನ್ನು ಕಡಿಮೆ ಸೃಜನಶೀಲವೆಂದು ಗಣಿಸಿದರು. ಆದ್ದರಿಂದ ಗಡುವು, ಹಣದ ಚಿಂತೆ ಕಾಡುತ್ತಿರುವ ದಿನ ಹೊಸ ಪ್ರಸ್ತಾವಗಳನ್ನು ಪರಿಶೀಲಿಸುವ ಸಭೆ ಇಟ್ಟುಕೊಳ್ಳದಿರುವುದು ಒಳ್ಳೆಯದೆಂದು ನನ್ನ ಸಲಹೆ.

ಆಯ್ಕೆ ಸಮಿತಿಯಲ್ಲಿ ಹೊಸತನದ ತುಡಿತ ಹೆಚ್ಚಿರುವವರೂ ಕಡಿಮೆಯಿರುವವರೂ ಇರಲಿ. ಚರ್ಚೆಗೆ ಮೊದಲೇ ಪ್ರತಿಯೊಬ್ಬರೂ ತಮ್ಮ ಅಂಕಗಳನ್ನು ಬರೆದಿಡಲಿ. ಅಂತರ ದೊಡ್ಡದಾಗಿದ್ದರೆ ಸರಾಸರಿ ತೆಗೆಯುವ ಬದಲು, ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕ ಕೊಟ್ಟ ಇಬ್ಬರೂ ತಮ್ಮ ಕಾರಣವನ್ನು ಹೇಳಲಿ, ಆ ನಂತರ ಎಲ್ಲರೂ ಮತ್ತೊಮ್ಮೆ ಅಂಕ ಕೊಡಲಿ.